ಅಕ್ಕನ ಸೊಂಟಕ್ಕೆ ನಾನು ಒದ್ದದ್ದು

ಶಹಾಪುರದ ಕಡೆಯ ನಮ್ಮ ಹೊಲಗಳಿಗೆ ಕಾಲುವೆ ನೀರು ಬಂದ ವರ್ಷ, ನಾಲ್ಕನೇ ಇಯತ್ತೆಗೆ ನನ್ನ ಶಾಲೆ ನಿಂತಿತು. ಜೋಳದ ನೆಲದಲ್ಲಿ ಎಲ್ಲರೂ ನೆಲ್ಲು ಹಚ್ಚತೊಡಗಿದ್ದರು. ಬಗ್ಗಿ ಸಸಿ ನೆಡುವ ಕೈಗಳು ಸಾಲುತ್ತಿರಲಿಲ್ಲ. ನನ್ನನ್ನು ಶಾಲೆ ಬಿಡಿಸಿದವಳು ಅಕ್ಕ. "ಇಕಿ ಓದಿ ಏನ್ ಕಲೆಕ್ಟರ್ ಆಗ್ತಾಳೇನಪ್ಪಾ? ನನ್ ಬಾಜೂಕ ನಿಂದ್ರಸು," ಎಂದಳು ಅಪ್ಪನಿಗೆ. ಮುಂದೆ ಇಬ್ಬರೂ ಒಂದೇ ಊರಿಗೆ ಸೊಸೆಯರಾಗಿ ಬಂದೆವು, ಮಕ್ಕಳನ್ನು ಹೆತ್ತೆವು. ಆ ಸಿಟ್ಟು ಮಾತ್ರ ನನ್ನಲ್ಲಿ ಹಾಗೇ ಇತ್ತು.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಮೂರು ಸಲ ಒದ್ದರೆ ಹಿಡಿದುಕೊಂಡ ಟೊಂಕ ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಬಂದವರಿಗೆಲ್ಲ ನಾನು ಕಾಲಿನ ಹೆಬ್ಬೆರಳಷ್ಟೇ ತಾಗಿಸಿ ಕಳಿಸುತ್ತಿದ್ದೆ. ಒಂದು ದಿನ ಅಕ್ಕನೂ ಕುಂಟುತ್ತ ಬಂದಳು.

"ಟೊಂಕ ಹಿಡದದ, ಒದಿಯವಾ ತಂಗಿ."

"ಎಲ್ಲಿ ಬ್ಯಾನಿ?"

"ಇಲ್ಲಿ, ತೊಡಿ ಸಂದಿನ್ಯಾಗ. ಕಾಲುಂಗರ ಹಾಕ್ಕೊಳಾಕೂ ಕಾಲು ಮ್ಯಾಲ ಬರವಲ್ದು."

ಟೊಂಕ ಹಿಡಿದವರು ಬೆನ್ನ ಹಿಂದೆ ಕೈ ಇಡುತ್ತಾರೆ. ನಮ್ಮತ್ತೆಗೂ ಹೀಗೇ ಸಂದಿಯಲ್ಲಿ ನೋವಾದಾಗ, ಇದು ಟೊಂಕದ್ದಲ್ಲ, ತೊಡೆ ಸೇರುವ ಸೊಂಟದ ಕೀಲಿನ ನೋವೆಂದು ಯಾದಗಿರಿಯ ಡಾಕ್ಟರು ಹೇಳಿದ್ದನ್ನು ನಾನೇ ಕೇಳಿದ್ದೆ. ಅಕ್ಕನಿಗೆ ಹೇಳಲಿಲ್ಲ. ಹೊಸ್ತಿಲ ಬಳಿ ಬಗ್ಗಿಸಿ ಒದ್ದೆ. ಚೀರಿದಳು. ಎರಡನೆಯದನ್ನು ಇನ್ನೂ ಬಿಗಿಯಾಗಿ ಕೊಟ್ಟೆ. ನನ್ನ ಹೊಟ್ಟೆ ತಣ್ಣಗಾಯಿತು.

"ಏ, ಕತ್ತೆ ಒದ್ದಂಗ ಒದಿತಿಯಲ್ಲೇ!" ಎಂದು ಪಕ್ಕದ ಮನೆಯ ಮುದುಕಿ ನಕ್ಕಳು. ಮೂರನೆಯದನ್ನೂ ನಾನು ಬಿಡಲಿಲ್ಲ.

"ಬರೋ ಅಮಾಸಿಗೆ ಮತ್ತ ಬಾ," ಎಂದೆ. ಬಂದಳು. ಎಷ್ಟೋ ಅಮಾವಾಸ್ಯೆ ಬಂದಳು. ಎರಡು ನಾಟಿಯ ಹಂಗಾಮು ಕಳೆಯಿತು. ಒಂದು ಕಾಲು ಗಿಡ್ಡವಾದಂತೆ ಕಂಡಾಗ ಭಾವ ಹೆದರಿ ಯಾದಗಿರಿಗೆ ಕರೆದುಕೊಂಡು ಹೋದರು. ನಾನೂ ಹೋದೆ.

ಡಾಕ್ಟರು ಅವಳ ಮೊಣಕಾಲು ಮಡಚಿ ಒಳಕ್ಕೆ ಹೊರಳಿಸಿದರು. ಅಕ್ಕ ಮಂಚ ಹಿಡಿದು ಕೂಗಿದಳು. ಎಕ್ಸ್‌ರೇ ನೋಡಿ ಹೇಳಿದರು: "ತೊಡಿ ಎಲುಬಿನ ಗುಂಡನ್ನ ತುದಿಗೆ ರಕ್ತ ಹೋಗದೆ ಅದು ಕುಸದದ. ಮೊದಲ ಬಂದಿದ್ರ ಉಳಸಾಕ ನೋಡಬಹುದಿತ್ತು. ಈಗ ಕೀಲೇ ಬದಲಿಸಬೇಕು. ಅಲ್ಲೀತನಕ ಬ್ಯಾನಿ ಇಲ್ಲದ ಕಡಿ ಕೈಯಾಗ ಕೋಲು ಹಿಡೀರಿ, ನೆಲದ ಮ್ಯಾಲ ಕೂಡಬ್ಯಾಡ್ರಿ. ಇಷ್ಟು ದಿನ ಏನ್ ಮಾಡಾಕತ್ತಿದ್ರಿ?"

"ನನ್ ತಂಗಿ ಒದಿಯಾಕತ್ತಿದ್ಲರಿ. ಭಾಳ ಮಾಡ್ಯಾಳ ಪಾಪ," ಎಂದು ಅಕ್ಕ ನನ್ನ ಕೈ ಹಿಡಿದಳು.

ಆ ಹಿಡಿತವನ್ನು ನನ್ನಿಂದ ತಾಳಲಾಗಲಿಲ್ಲ. "ಟೊಂಕದ್ದಲ್ಲಂತ ಮೊದಲನೇ ದಿನಾನ ಗೊತ್ತಿತ್ತು ಯಕ್ಕಾ. ಸಾಲಿ ಬಿಡಿಸಿದ್ದಕ್ಕ ಸೇಡು ತೀರಿಸ್ಕೊಂಡೆ."

ಅಕ್ಕ ಕೈ ಬಿಟ್ಟಳು.

ಕಲಬುರಗಿಯ ಆಪರೇಷನ್ನಿಗೆ ಹೊರಟಾಗ, "ಇಕಿ ಬಂದ್ರ ನಾ ಮಂಚ ಏರಂಗಿಲ್ಲ," ಎಂದಳಂತೆ. ಅವಳ ನಾದಿನಿ ಹೋಗಿ ನೋಡಿಕೊಂಡಳು.

ಈಗ ಅಕ್ಕ ನೆಟ್ಟಗೆ ನಡೆಯುತ್ತಾಳೆ. ಸುರಪುರದ ಬಸ್ಸಿಗೆ ನಮ್ಮ ಮನೆಯ ಮುಂದಿನ ದಾರಿಯೇ ಹತ್ತಿರ. ಅವಳು ಇತ್ತ ಬರುವುದಿಲ್ಲ. ಕಾಲುವೆಯ ದಂಡೆ ಹಿಡಿದು ಊರನ್ನೇ ಸುತ್ತಿ ಹೋಗುತ್ತಾಳೆ, ಆ ಹೊಸ ಕೀಲಿನ ಮೇಲೆ.