ಏರೇತೋ, ಇಳದೈತೋ

ಹಿರಿಯ ನರ್ಸ್ ಉಟೆ ನನ್ನ ಕೈಯಿಂದ ಜ್ಯೂಸ್ ಲೋಟ ಕಸಿದುಕೊಂಡಾಗ ಅದು ರೋಗಿಯ ತುಟಿಯಿಂದ ಒಂದು ಗೇಣೂ ದೂರವಿರಲಿಲ್ಲ. "ಓಬೆನ್! ಓಬೆನ್!" ಎಂದು ಆಕೆ ಬೆರಳನ್ನು ಮೇಲಕ್ಕೆತ್ತಿದಳು. ಓಬೆನ್ ಎಂದರೆ ಮೇಲೆ. ಆ ಮುದುಕಿಯ ಸಕ್ಕರೆ ಏರಿತ್ತು. ನಾನು ಇಳಿದಿದೆಯೆಂದು ತಿಳಿದು ಜ್ಯೂಸ್ ಕುಡಿಸಲು ಹೊರಟಿದ್ದೆ.

ನರ್ಸ್ ಕೆಲಸಕ್ಕೆಂದು ಜರ್ಮನಿಗೆ ಬಂದು ಅದು ಮೂರನೇ ತಿಂಗಳು. ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿದರೆ ಕೆಳಗಿನ ಮನೆಯವರು ಬಂದು ಬಾಗಿಲು ಬಡಿಯುತ್ತಿದ್ದರು. ಅಂಗಡಿಯಲ್ಲಿ ಉಪ್ಪು ಕೇಳಲೂ ಮಾತು ಸಾಲುತ್ತಿರಲಿಲ್ಲ. ನಮ್ಮೂರು ಮೂಡಲಗಿಯಿಂದ ಹೊರಡುವಾಗ ಇದ್ದದ್ದು ಒಂದೇ ಧೈರ್ಯ: ಕಾಯಿಲೆಗಳ ಹೆಸರು ಎಲ್ಲ ಕಡೆ ಒಂದೇ. ಹೈಪರ್ ಅಂದರೆ ಹೆಚ್ಚು, ಹೈಪೋ ಅಂದರೆ ಕಡಿಮೆ. ಗ್ರೀಕರ ಈ ಪದಗಳನ್ನು ಇಂಗ್ಲಿಷ್, ಜರ್ಮನ್, ಫ್ರೆಂಚ್ ಎಲ್ಲವೂ ಹಂಚಿಕೊಂಡಿವೆ.

ಆದರೆ ನಮ್ಮ ಬಾಯಲ್ಲಿ ಗಟ್ಟಿಯಾಗಿ ಕೇಳುವ ಹೈಪರ್‌ನ ಕೊನೆಯ 'ರ್' ಅನ್ನು ಇಲ್ಲಿಯವರು ನುಂಗಿ, 'ಹೈ'ಯನ್ನು 'ಹ್ಯೂ' ಮಾಡಿ 'ಹ್ಯೂಪಾ' ಎನ್ನುತ್ತಾರೆ; ಹೈಪೋ 'ಹ್ಯೂಪೋ' ಆಗುತ್ತದೆ. ಪಾಳಿ ಬದಲಾಗುವಾಗ ಉಟೆ ಹೇಳಿದ ಹ್ಯೂಪಾ ನನಗೆ ಹೈಪೋ ಎಂದು ಕೇಳಿಸಿತು. ಇನ್ನೊಮ್ಮೆ ಕೇಳಬಹುದಿತ್ತು. ನಾಚಿಕೆಯಾಗಿ ಸುಮ್ಮನೆ ತಲೆಯಾಡಿಸಿದೆ.

ಆಮೇಲೆ ಬಟ್ಟೆ ಇಡುವ ಕೋಣೆಯಲ್ಲಿ ನಿಂತು ಅತ್ತೆ. ಆಗ ನೆನಪಾದವಳು ಕೌಜಲಗಿಯ ಗಂಗವ್ವ. ಹಿಂದೆ ನಾನು ಗೋಕಾಕದ ಒಂದು ದವಾಖಾನೆಯಲ್ಲಿ ಕೆಲಸಕ್ಕಿದ್ದಾಗ ಗಂಡನನ್ನು ಕರೆತಂದಿದ್ದಳು.

"ನರ್ಸ್ ಬಾಯಾರ, ಇವರ ಸಕ್ರಿ ಇಳದೈತ್ರಿ, ಮೈಯೆಲ್ಲಾ ಬೆವರಾಕತ್ತೈತಿ."

"ಇದೇನ್ ಕಿರಾಣಿ ಅಂಗಡಿ ಏನ್ರಿ? ಹೈಪೋ ಅನ್ರಿ," ಎಂದು ನಾನು ಎಲ್ಲರೆದುರು ನಕ್ಕಿದ್ದೆ. ಆಕೆ ಸೆರಗು ಬಾಯಿಗೆ ಹಿಡಿದು ಗಂಡನ ಹಿಂದೆ ಸರಿದಿದ್ದಳು.

ಈ ಸಲ ರಜೆಗೆ ಊರಿಗೆ ಹೋದಾಗ ಹಳೆಯ ಗೆಳತಿಯರನ್ನು ನೋಡಲು ಆ ದವಾಖಾನೆಗೆ ಹೋದೆ. ಬೆಂಚಿನ ಮೇಲೆ ಗಂಗವ್ವ ಇದ್ದಳು. ಗುರುತು ಹಿಡಿದು, ಗಂಡನ ರಿಪೋರ್ಟ್ ಚಾಚಿದಳು. ನೋಡಿದೆ. ಬಾಯಿಂದ ಬಂದದ್ದು "ಹ್ಯೂಪಾ."

"ಏನಂದ್ರಿ?"

"ಏರೇತಿ ಯವ್ವಾ, ಸಕ್ರಿ ಏರೇತಿ. ಅವತ್ತ ನಿಮಗ ನಕ್ಕಿದ್ದೆ, ತಪ್ಪಾತ್ರಿ."

"ಅದೇನ್ ದೊಡ್ಡದಲ್ಲ ಬಿಡವ್ವಾ. ನೀವ ಅಂದಿದ್ದ ಆ ಹೆಸರ ನನ್ನ ಬಾಯಾಗ ಬರೂದಿಲ್ಲ. ಅದಕ್ಕ ಈಗ ನಮ್ಮನಿಯವರಿಗೆ ಏನರ ಆದ್ರೂ ಇಲ್ಲಿ ಹೇಳಾಕ ಅಂಜತೇನಿ, ಅಷ್ಟ."

ನಾನೀಗ ಉಟೆಯನ್ನು ಪ್ರತಿ ಸಲವೂ ಕೇಳುತ್ತೇನೆ, ಏರಿದೆಯೋ ಇಳಿದಿದೆಯೋ ಎಂದು. ಆಕೆ ಒಮ್ಮೆಯೂ ನಕ್ಕಿಲ್ಲ. ಪರದೇಶದಲ್ಲಿ ನನಗೆ ಬಾಯಿ ಬಂತು. ಗಂಗವ್ವ ತನ್ನದೇ ಊರ ಕಡೆಯ ದವಾಖಾನೆಯಲ್ಲಿ ಸುಮ್ಮನೆ ಕೂತಿರುತ್ತಾಳೆ, ನನ್ನಿಂದಾಗಿ.