ಬಾರದ ಇಬ್ಬರಿಗೆ ಎರಡು ಅಂಗಿ

ಹೋದ ವಾರ ನಾನೊಂದು ಸುಳ್ಳು ಹೇಳಿದೆ. ಹನ್ನೊಂದು ಜನರ ಮುಂದೆ, ನಾಲಿಗೆ ತಡವರಿಸದೆ, ಕೈಯಲ್ಲಿ ಟೀ ಲೋಟ ಹಿಡಿದುಕೊಂಡೇ ಹೇಳಿದೆ. ಹೇಳಿಕೊಟ್ಟದ್ದು ಒಂದು ಕಾದಂಬರಿ.

ನಿಮಗೆ ಗೊತ್ತೇ ಇದೆ, ಚೆನ್ನೈಯ ಟಿ. ನಗರದ ನಮ್ಮ ಹೋಟೆಲಿನ ಕೌಂಟರಿನಲ್ಲಿ ಕುಳಿತೇ ನಾನು ಈ ಅಂಕಣ ಬರೆಯುವುದು. ಈ ವಾರ ಬರೆಯುವುದಕ್ಕೂ ಸುಸ್ತು. ತಮಿಳರ ಆಡಿ ತಿಂಗಳು, ಅಂದರೆ ನಮ್ಮ ಆಷಾಢ. ಬಟ್ಟೆ ಅಂಗಡಿಗಳೆಲ್ಲ ಡಿಸ್ಕೌಂಟ್ ಬೋರ್ಡ್ ಹಾಕಿವೆ. ಸೀರೆ ಆರಿಸಿ ಸೋತವರೆಲ್ಲ ಎರಡೂ ಕೈಗೆ ಚೀಲ ನೇತುಹಾಕಿಕೊಂಡು ನಮ್ಮಲ್ಲಿಗೇ ಬರುತ್ತಾರೆ. (ಸೀರೆಗೆ ಮೂರು ಗಂಟೆ ಕಾದವರಿಗೆ ದೋಸೆಗೆ ಮೂರು ನಿಮಿಷ ಕಾಯಲಾಗುವುದಿಲ್ಲ.) ಇಂಥ ಹೊತ್ತಿನಲ್ಲೇ ಅಡುಗೆಮನೆಯಲ್ಲಿ ಇಬ್ಬರು ಕಡಿಮೆ. ಒಬ್ಬನಿಗೆ ಡೆಂಗ್ಯೂ, ಇನ್ನೊಬ್ಬ ಕೆಲಸ ಬಿಟ್ಟ.

ಈಗ ಕಾದಂಬರಿಯ ವಿಷಯ. ಅಣ್ಣಾ ನಗರದ ನಮ್ಮ ಓದುಗರ ಬಳಗದಲ್ಲಿ ಮಾತಾಡಬೇಕೆಂದು ಅದನ್ನು ಓದಿದ್ದೆ. ಹಳೆಯ ಕಾಲದ ಯುದ್ಧದ ಕಥೆ. ಶತ್ರುಗಳು ಕೋಟೆಯನ್ನು ಮುತ್ತಿದ್ದಾರೆ, ನೀರು ಮುಗಿಯುತ್ತಿದೆ, ಸೈನಿಕರು ಕದ್ದು ಓಡಿಹೋಗುವ ಯೋಚನೆಯಲ್ಲಿದ್ದಾರೆ. ಆಗ ದಳವಾಯಿ ಎಲ್ಲರನ್ನೂ ಕರೆದು, ‘ನಮ್ಮ ಕುದುರೆ ಪಡೆ ಬರುತ್ತಿದೆ’ ಎನ್ನುತ್ತಾನೆ. ಬರುತ್ತಿರುವುದಿಲ್ಲ. ಆದರೂ ಕುದುರೆ ಲಾಯ ಗುಡಿಸಲು ಹೇಳುತ್ತಾನೆ, ಹುಲ್ಲು ಹಾಕಿಸುತ್ತಾನೆ. ಗುಡಿಸಿದ ಲಾಯ ನೋಡಿ ಸೈನಿಕರಿಗೆ ಜೀವ ಬರುತ್ತದೆ. ಕೋಟೆ ಉಳಿಯುತ್ತದೆ.

‘ನಾಯಕತ್ವ ಎಂದರೆ ಇದು!’ ಎಂದು ನಾನು ಬಳಗದಲ್ಲಿ ಅರ್ಧ ಗಂಟೆ ಮಾತಾಡಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಹಳ ಕೆಟ್ಟದ್ದು ನೋಡಿ, ಆಡಿದ್ದನ್ನು ಮಾಡಿಯೂ ನೋಡೋಣ ಅನ್ನಿಸುತ್ತದೆ.

ನಮ್ಮ ಹೋಟೆಲಿನಲ್ಲಿ ಸಂಜೆಯ ರಶ್ ಶುರುವಾಗುವ ಮೊದಲು ಎಲ್ಲರೂ ಅಡುಗೆಮನೆಯಲ್ಲೇ ನಿಂತು ಟೀ ಕುಡಿಯುವ ಪದ್ಧತಿ ಇದೆ. ನನ್ನ ಮಾವನವರ ಕಾಲದ್ದು. ಹೇಳುವುದೇನಿದ್ದರೂ ಆಗಲೇ ಹೇಳಬೇಕು. ಸೋಮವಾರದ ಟೀ ಹೊತ್ತಿಗೆ ನಾನು ಹೇಳಿದೆ, ‘ಶುಕ್ರವಾರ ಊರಿನಿಂದ ಇಬ್ಬರು ಹೊಸಬರು ಬರುತ್ತಾರೆ. ಅಲ್ಲಿವರೆಗೆ ಸ್ವಲ್ಪ ಸುಧಾರಿಸಿಕೊಳ್ಳಿ.’

ಯಾರನ್ನೂ ಕೇಳಿರಲಿಲ್ಲ. ಯಾರೂ ಒಪ್ಪಿರಲಿಲ್ಲ. ಆದರೂ ಎರಡು ಹೊಸ ಯೂನಿಫಾರ್ಮ್ ಅಂಗಿ ತರಿಸಿ, ಇಸ್ತ್ರಿ ಮಾಡಿಸಿ, ಅಡುಗೆಮನೆಯ ಮೊಳೆಗೆ ತೂಗುಹಾಕಿದೆ. ದಳವಾಯಿಯ ಲಾಯ ಅವನಿಗೆ, ನನ್ನ ಮೊಳೆ ನನಗೆ.

ಕೆಲಸ ಮಾಡಿತೇ? ಮಾಡಿತು! ಪಾತ್ರೆ ಎಸೆಯುವ ಸದ್ದು ನಿಂತಿತು. ಬಡಿಸುವ ಮುರುಗನ್ ಹೋಗುತ್ತಾ ಬರುತ್ತಾ ಆ ಅಂಗಿಗಳನ್ನು ನೋಡಿ, ‘ಅಕ್ಕಾ, ವೆಳ್ಳಿಕ್ಕಿಳಮೈ ದಾನೇ?’ ಎಂದು ಶುಕ್ರವಾರವನ್ನು ಖಚಿತ ಮಾಡಿಕೊಳ್ಳುತ್ತಿದ್ದ. ‘ಆಮಾ, ಆಮಾ’ ಎಂದು ನಾನೂ ಹೌದೆನ್ನುತ್ತಿದ್ದೆ.

ನಮ್ಮ ಮುಖ್ಯ ಅಡುಗೆಯವರು ಶೀನಣ್ಣ. ಕುಂದಾಪುರದ ಕಡೆಯವರು, ನಮ್ಮಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಭಾನುವಾರ ಅವರ ಮಗಳು ದೀಕ್ಷಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ತಿಂಗಳ ಹಿಂದೆಯೇ ರಜೆ ಕೇಳಿದ್ದರು, ಶನಿವಾರದ ಮಂಗಳೂರು ರೈಲಿಗೆ ಟಿಕೆಟ್ ಕನ್ಫರ್ಮ್ ಆಗಿತ್ತು. ನಾನು ಅವರಿಗೂ ಅದೇ ಹೇಳಿದೆ. ‘ಶುಕ್ರವಾರ ಹೊಸಬರು ಬರುತ್ತಾರೆ, ನೀವು ಶನಿವಾರ ನಿಶ್ಚಿಂತೆಯಿಂದ ಹೊರಡಿ.’

ಶುಕ್ರವಾರ ಬಂತು. ಹೊಸಬರು ಬರಲಿಲ್ಲ. ಬರುವುದಾದರೂ ಎಲ್ಲಿಂದ?

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶನಿವಾರ ಬೆಳಿಗ್ಗೆ ಶೀನಣ್ಣ ಬ್ಯಾಗ್ ಹಿಡಿದು ಬರುತ್ತಾರೆಂದು ನೋಡಿದರೆ, ಏಪ್ರನ್ ಕಟ್ಟಿ ಕಾವಲಿಯ ಮುಂದೆ ನಿಂತಿದ್ದರು.

‘ರೈಲು?’ ಎಂದೆ.

‘ಟಿಕೆಟ್ ಕ್ಯಾನ್ಸಲ್ ಮಾಡ್ದೆ ಅಕ್ಕ.’

‘ಹೊಸಬರು ಏನೋ ಕೈಕೊಟ್ಟರು ಶೀನಣ್ಣ...’ ಎಂದು ಶುರುಮಾಡಿದೆ.

ಅವರು ತಲೆ ಎತ್ತಲಿಲ್ಲ. ದೋಸೆ ಮಗುಚುತ್ತಲೇ ಹೇಳಿದರು. ‘ಬಿಡಿ ಅಕ್ಕ. ಬಪ್ಪೋರ್ ಅಳತಿ ಕೇಣ್ದೇ ಅಂಗಿ ತಂದ್ರಿ ಅಲ್ದಾ? ನಂಗೆ ಅವತ್ತೇ ಗೊತ್ತಾಯ್ತ್.’

ಬರುವವರ ಅಳತೆ ಕೇಳಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ‘ಮತ್ತೆ ಹೇಳಬಾರದಿತ್ತೇ?’

‘ಹೇಳಿದ್ರೆ ಮುರುಗನೂ ಕೆಲ್ಸ ಬಿಟ್ಟ್ ಹೊರಡ್ತಿದ್ದ, ಎಲ್ರೂ ಹೊರಡ್ತಿದ್ರ್. ದಿನಾ ನನ್ನತ್ರ ಕೇಂತಿದ್ರ್. ಹೊಸಬ್ರ್ ಬತ್ರ್ ಬತ್ರ್ ಅಂದೇಳಿ ನಾನೇ ಹೇಳ್ದೆ.’

ನನಗೆ ಬಹಳ ನಾಚಿಕೆಯಾಯಿತು. ವಾರವಿಡೀ ನನ್ನ ಸುಳ್ಳು ನಿಂತದ್ದು ನನ್ನ ಜಾಣತನದಿಂದಲ್ಲ. ಅದನ್ನು ನಂಬದ ಒಬ್ಬ ಮನುಷ್ಯ ಅದಕ್ಕೆ ಹೆಗಲು ಕೊಟ್ಟು ನಿಂತಿದ್ದ. ನಾಯಕತ್ವ ಎಂದು ಬಳಗದಲ್ಲಿ ಅಷ್ಟೆಲ್ಲ ಮಾತಾಡಿದೆನಲ್ಲ, ಆ ಕೋಟೆಯಲ್ಲೂ ಇಂಥವನೊಬ್ಬ ಇದ್ದಿರಬೇಕು. ಲಾಯ ಗುಡಿಸುವಾಗಲೇ ಅವನಿಗೆ ಎಲ್ಲ ತಿಳಿದಿರಬೇಕು. ಲೇಖಕರು ಅವನ ಹೆಸರು ಬರೆದಿಲ್ಲ. ನಾನೂ ಹುಡುಕಲಿಲ್ಲ.

‘ಈಗಲೇ ಹೊರಡಿ, ಬಸ್ಸಿಗೆ ಹತ್ತಿಸುತ್ತೇನೆ’ ಎಂದು ಹೇಳಬಹುದಿತ್ತು ತಾನೇ? ಹೇಳಲಿಲ್ಲ. ಹೊರಗೆ ಆಗಲೇ ಟೇಬಲ್ಲಿಗೆ ಕಾಯುವವರು ನಿಂತಿದ್ದರು. ನಾನು ಕೌಂಟರಿಗೆ ಬಂದು ಕುಳಿತೆ. ಸತ್ಯ ಹೇಳಬೇಕೆಂದರೆ, ಅವರು ಉಳಿದರಲ್ಲ ಎಂದು ಸಮಾಧಾನವೂ ಆಯಿತು.

ಭಾನುವಾರ ಮಧ್ಯಾಹ್ನ ಹೋಟೆಲಿನ ಲ್ಯಾಂಡ್‌ಲೈನಿಗೆ ಫೋನು ಬಂತು. ಕೆಲಸದ ಹೊತ್ತಿನಲ್ಲಿ ಅಡುಗೆಮನೆಯವರ ಮೊಬೈಲು ಲಾಕರಿನಲ್ಲಿರುತ್ತದೆ. (ಆ ರೂಲ್ಸೂ ನನ್ನದೇ.) ಆ ಕಡೆ ದೀಕ್ಷಾ.

ಗಂಡಿನ ಕಡೆಯವರು ಬಂದಿದ್ದರಂತೆ. ‘ಅಪ್ಪನೇ ಇಲ್ಲದೆ ಯಾರ ಹತ್ತಿರ ಮಾತಾಡುವುದು?’ ಎಂದು ಕಾಫಿ ಕುಡಿದು ಎದ್ದುಹೋದರಂತೆ. ಇನ್ನೊಮ್ಮೆ ಬರುತ್ತೇವೆ ಎಂದು ಹೇಳಲಿಲ್ಲವಂತೆ.

‘ಅಪ್ಪಂಗೆ ಕೊಡ್ಲಾ ಅಮ್ಮ?’ ಎಂದೆ.

‘ಬ್ಯಾಡ ಆಂಟಿ, ನಿಮ್ಮತ್ರನೇ ಒಂದ್ ಕೇಣ್ಕ್. ಟಿಕೆಟ್ ವೇಟಿಂಗ್ ಲಿಸ್ಟಲ್ಲೇ ಉಳೀತ್ ಅಂದ್ರ್ ಅಪ್ಪ. ಹೌದಾ? ಅಲ್ಲ ಅಪ್ಪಂಗೆ ಈ ಸಂಬಂಧವೇ ಇಷ್ಟ ಇಲ್ಯಾ?’

ಅಡುಗೆಮನೆಯ ಕಿಂಡಿಯಿಂದ ಶೀನಣ್ಣ ನನ್ನನ್ನೇ ನೋಡುತ್ತಿದ್ದರು.

‘ಹೌದಮ್ಮ’ ಎಂದೆ. ‘ವೇಟಿಂಗ್ ಲಿಸ್ಟಲ್ಲೇ ಉಳೀತು.’

‘ಅಷ್ಟೇನಾ? ಥ್ಯಾಂಕ್ಸ್ ಆಂಟಿ’ ಎಂದಳು ಹುಡುಗಿ. ಅವಳ ದನಿ ಹಗುರಾಗಿತ್ತು.

ಕಳೆದುಕೊಂಡವರ ಬಾಯಿಂದಲೇ ಥ್ಯಾಂಕ್ಸ್ ಹೇಳಿಸಿಕೊಳ್ಳುವುದಕ್ಕೇ ಏನು, ನಾವು ನಾಯಕತ್ವ ಎನ್ನುವುದು?