ಗುಡ್ಡವ್ವ ಮೊಳೆ ಹೊಡೆಯದ ಮನೆಗಳು

"ಅವ್ವಾ, ಗುಡ್ಡವ್ವಾಯಿ ಗ್ವಾಡಿಗೆ ಯಾಕ ಒಂದೂ ಮೊಳಿ ಹೊಡದಿಲ್ಲ?"

ಸೃಷ್ಟಿ ಇದನ್ನು ಕೇಳಿದ್ದು ಊಟದ ತಾಟಿನ ಮುಂದೆ, ಬಾಯಲ್ಲಿದ್ದ ತುತ್ತು ಇಳಿಯುವ ಮೊದಲೇ. ಶೋಭಾಗೆ ಆ ಹೊತ್ತಿಗೆ ಉತ್ತರ ಕೊಡುವಷ್ಟು ತ್ರಾಣ ಇರಲಿಲ್ಲ. "ನೀ ಮೊದಲ ಉಣ್ಣು" ಎಂದಳು. ಆದರೆ ಬಾಂಡೆ ತಿಕ್ಕುವಾಗ ಮಗಳ ಮಾತು ತಿರುಗಿ ಬಂತು. ಕೂಸು ಕೇಳಿದ್ದು ಖರೆ. ಗುಡ್ಡವ್ವ ಬಾಜೂ ಮನೆಗೆ ಬಂದು ಒಂದು ಮಳೆಗಾಲವೇ ಕಳೆದಿತ್ತು; ಗೋಡೆಗಳು ಮಾತ್ರ ಬಣ್ಣ ಬಳಿದ ದಿನ ಹೇಗಿದ್ದವೋ ಹಾಗೇ ಇದ್ದವು. ಸೀರೆಗಳು ಕಿಟಕಿಯ ಸರಳಿಗೆ ಕಟ್ಟಿದ ಚೀಲದಲ್ಲಿ. ಕನ್ನಡಿ ಅಡಿಗೆ ಕಟ್ಟೆಯ ಮೇಲೆ. ತೀರಿಕೊಂಡ ಗಂಡ ಸಿದ್ರಾಯನ ಫೋಟೋ ಜೋಳದ ಡಬ್ಬಿಗೆ ಒರಗಿ ಕೂತಿತ್ತು. ಜೋಳ ತೆಗೆಯುವಾಗಲೆಲ್ಲ ಗುಡ್ಡವ್ವ, "ಸ್ವಲ್ಪ ಸರೀರಿ ಅತ್ತಾಗ" ಎಂದು ಹೇಳಿಯೇ ಅವನನ್ನು ಎತ್ತಿ ಪಕ್ಕಕ್ಕಿಡುತ್ತಿದ್ದಳು.

ಆ ಮನೆ ಅವಳದಲ್ಲ ಎಂಬುದು ಗೋಕಾಕದ ಆ ಓಣಿಗೆಲ್ಲ ಗೊತ್ತಿತ್ತು. ಕಟ್ಟಿಸಿದವರು ಬೆಳಗಾವಿ ಸೇರಿದ್ದರು, ಮನೆ ಮಾರಾಟಕ್ಕಿತ್ತು. ಬೀಗ ಹಾಕಿದ ಮನೆ ಬೇಗ ಮಾರುವುದಿಲ್ಲ. ಬಾಗಿಲು ತೆಗೆದೊಡನೆ ಮುಗ್ಗಲು ವಾಸನೆ ಬಡಿದರೆ, ಮೂಲೆಯಲ್ಲಿ ಜೇಡ ಕಂಡರೆ, ನೋಡಲು ಬಂದ ಹೆಂಗಸರು ಹೊಸ್ತಿಲಲ್ಲೇ ನಿಂತು, "ದೀಪ ಕಾಣದ ಮನಿ ಇದು" ಎಂದು ಮುಖ ತಿರುವುತ್ತಾರೆ. ಅದಕ್ಕೇ ಮನೆ ಕೊಡಿಸುವ ಏಜೆಂಟ ಕಾಶಿನಾಥ ಇಂಥ ಮನೆಗಳಲ್ಲಿ ಗುಡ್ಡವ್ವನನ್ನು ಇಡುತ್ತಿದ್ದ. ಬಾಡಿಗೆ ಇಲ್ಲ, ಪಗಾರವೂ ಇಲ್ಲ. ಕಸ ಹೊಡೆಯಬೇಕು, ಸಂಜೆ ದೀಪ ಹಚ್ಚಬೇಕು, ಗಿರಾಕಿ ಬಂದರೆ ಬೆಲ್ಲ ನೀರು ಕೊಡಬೇಕು, ಮನೆ ಮಾರಾಟವಾದ ಕೂಡಲೇ ಗಂಟು ಕಟ್ಟಬೇಕು. ಹೊಟ್ಟೆಪಾಡಿಗೆ ಅವಳು ಹೊರಗೆ ನಾಲ್ಕಾರು ಮನೆಗೆ ರೊಟ್ಟಿ ಬಡಿದು ಕೊಡುತ್ತಿದ್ದಳು.

ಅವಳ ಸಂಸಾರ ಶುರುವಾದದ್ದೇ ಪರರ ಮನೆಯಲ್ಲಿ. ಸಿದ್ರಾಯ, ಇನ್ನೂ ಕಟ್ಟಡ ನಡೆದಿದ್ದ ಮನೆಗಳ ಕಾವಲಿಗಿದ್ದ. ಸಿಮೆಂಟಿನ ಚೀಲಗಳ ನಡುವೆ ಒಲೆ, ಉಸುಕಿನ ಗುಡ್ಡೆಯ ಮೇಲೆ ಹಾಸಿಗೆ. ಗೋಡೆಗೆ ಗಿಲಾಯಿ ಮೆತ್ತಿ, ನೆಲಕ್ಕೆ ಫರಸಿ ಕಲ್ಲು ಕೂಡಿಸಿ, ಇನ್ನು ಇರಲು ಯೋಗ್ಯವಾಯಿತು ಅನ್ನುವ ಹೊತ್ತಿಗೆ ಅವರು ಮುಂದಿನ ಪಾಯಕ್ಕೆ ಹೋಗಬೇಕು. ಮಗಳು ಸುರೇಖಾ ಹುಟ್ಟಿದ್ದು ಮೂಡಲಗಿಯಲ್ಲಿ, ಬಾಗಿಲೇ ಕೂಡಿಸದ ಮನೆಯಲ್ಲಿ, ಗೋಣಿಚೀಲ ಇಳಿಬಿಟ್ಟ ಚೌಕಟ್ಟಿನ ಹಿಂದೆ. ಸಿದ್ರಾಯ ಜ್ವರದಲ್ಲಿ ಹೋದ ಮೇಲೆ ಕಾಶಿನಾಥನೇ ಬಂದು, "ಕಟ್ಟೂ ಮನಿ ಕಾದಿ, ಇನ್ನ ಕಟ್ಟಿದ ಮನಿ ಕಾಯಿ" ಎಂದಿದ್ದ.

ಮೊಳೆಯ ವಿಷಯ ಶೋಭಾ ಮರುದಿನ ಕಂಪೌಂಡ್ ಗೋಡೆಯ ಮೇಲಿಂದ ಕೇಳಿಯೇಬಿಟ್ಟಳು.

ಗುಡ್ಡವ್ವ ನಕ್ಕಳು. "ಹುಕ್ಕೇರಿಯಾಗ ಒಮ್ಮಿ ಹೊಡದಿದ್ದೆ ಶೋಭಕ್ಕಾ. ಅಲ್ಲಿ ಎರಡ ಮಳಿಗಾಲ ಒಬ್ಬ ಗಿರಾಕೀನೂ ಬರಲಿಲ್ಲ. ನನಗೂ ಮರತ ಹೋತು, ನಂದ ಮನಿ ಅನ್ನೂವಂಗ. ಇವರ ಫೋಟೋ ಹಾಕಿದೆ. ಮುಂದಿನ ವಾರನ ಗಿರಾಕಿ ಬರಬೇಕಾ? ಫೋಟೋ ತಗದೆ, ತೂತು ಹೋಗಲಿಲ್ಲ. ಮನಿ ಮಾಲಕರು ನನಗ ಒಂದ ಮಾತೂ ಅನ್ನಲಿಲ್ರಿ. ಬಂದವರು ಹೋಗೂತನಕ ಪಾಪ ಆ ತೂತಿನ ಮ್ಯಾಲ ಬೆರಳ ಇಟಗೊಂಡು ನಿಂತಿದ್ರು. ಚಾ ಕೊಟ್ಟರ ಎಡಗೈಲೆ ಇಸಗೊಂಡ್ರು."

"ಬೈದಿದ್ದರ ಚಲೋ ಇತ್ತು" ಎಂದಳು ಶೋಭಾ.

"ಹೂಂ. ಬೈದಿದ್ದರ ಮರೀತಿದ್ದೆ."

ಗುಡ್ಡವ್ವ ಇದ್ದ ಮನೆ ಮಾರಾಟವಾಗುತ್ತದೆ ಎಂದು ಕಾಶಿನಾಥ ಎಲ್ಲರೆದುರೂ ಹೇಳುತ್ತಿದ್ದ. ಅದರಲ್ಲಿ ಸುಳ್ಳಿರಲಿಲ್ಲ. ಗಿರಾಕಿ ಬರುವ ದಿನ ಅವಳು ಹೊಸ್ತಿಲು ತೊಳೆದು ರಂಗೋಲಿ ಎಳೆಯುವಳು, ಎಲ್ಲ ಕಿಟಕಿ ತೆಗೆಯುವಳು, ಅಡಿಗೆಮನೆಯಲ್ಲಿ ಸಣ್ಣ ಉರಿಯ ಮೇಲೆ ಶೇಂಗಾ ಹುರಿಯುವಳು. ಬಂದ ಹೆಂಗಸರನ್ನು ಗಾಳಿ ಆಡುವ ಕಡೆಗೇ ಕೂಡ್ರಿಸುವಳು. ಅವರಿಗೆ ಮನೆ ನೋಡಿದಂತಲ್ಲ, ಬೀಗರ ಮನೆಗೆ ಬಂದಂತೆ ಅನಿಸುತ್ತಿತ್ತು. ಹಾಗೆ ಚಂದ ಮಾಡಿದಷ್ಟೂ ಬೇಗ ಅವಳೇ ಹೊರಬೀಳಬೇಕು. ಈ ಮಾತನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಗಂಟು ಕಟ್ಟುವಾಗ ಸೊಂಟ ಹಿಡಿದುಕೊಂಡು ಒಂದು ಗಳಿಗೆ ಕೂರುತ್ತಿದ್ದಳು, ಅಷ್ಟೇ.

ಆದರೆ ಈ ಸಲ ಅವಳಿಗೆ ಈ ಮನೆ ಬೇಕಿತ್ತು. ತನ್ನದಾಗಲಿ ಅಂತಲ್ಲ, ಬೇಸಿಗೆ ದಾಟುವವರೆಗೆ ಯಾರೂ ಕೊಳ್ಳದಿದ್ದರೆ ಸಾಕಿತ್ತು.

ಸುರೇಖಾ ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಬಾಣಂತನ ಅಲ್ಲೇ ಮುಗಿಯಬೇಕು, ತೊಟ್ಟಿಲಿಗೆ ಹಾಕುವ ದಿನ ಬೀಗರು ಅಲ್ಲಿಗೇ ಬರಬೇಕು. ಅವಳ ಅತ್ತೆಮನೆ ಘೋಡಗೇರಿಯಲ್ಲಿ. ಅತ್ತೆ ಕೆಟ್ಟವಳಲ್ಲ, ಆದರೆ ನಾಲಗೆಗೆ ಲಗಾಮಿಲ್ಲ. "ನಿಮ್ಮವ್ವ ಈ ತಿಂಗಳ ಯಾವ ಊರಾಗ ಅದಾಳ ಅಂತ ಕೇಳಿಕೊಂಡ ಬಾ, ಆಮ್ಯಾಗ ಕಳಸೂಣು" ಎಂದಿದ್ದಳಂತೆ. ಸುರೇಖಾ ಅದನ್ನು ನಗುತ್ತಲೇ ಫೋನಿನಲ್ಲಿ ಹೇಳಿದಳು. ಗುಡ್ಡವ್ವನೂ ನಕ್ಕಳು. ಫೋನು ಇಟ್ಟ ಮೇಲೆ ಆ ದಿನದ ರೊಟ್ಟಿಗಳೆಲ್ಲ ಅಂಚಿನಲ್ಲಿ ಸುಟ್ಟವು ಎಂದು ಶೋಭಾಗೆ ಹೇಳಿದಳು.

"ಗಿರಾಕಿ ಬಂದರ ಏನ ಮಾಡತೀರಿ?" ಎಂದು ಶೋಭಾ ಕೇಳಿದ್ದಳು.

"ಸುಳ್ಳಂತೂ ಹೇಳಂಗಿಲ್ಲ. ನೀರ ಬರಂಗಿಲ್ಲ, ಮಾಳಿಗಿ ಸೋರತೈತಿ ಅಂತ ಅನ್ನಂಗಿಲ್ಲ. ಚಂದ ಕಾಣಂಗ ಮಾಡೂದು ಬಿಡತೇನಿ, ಅಷ್ಟ."

ಬಿಟ್ಟಳು. ಹೊಸ್ತಿಲು ಒಣಗಿಯೇ ಇತ್ತು, ರಂಗೋಲಿ ಇಲ್ಲ, ಶೇಂಗಾ ಡಬ್ಬಿಯಲ್ಲೇ ಉಳಿದವು. ಸಂಜೆಯ ದೀಪವೊಂದನ್ನು ಮಾತ್ರ ಬಿಡಲು ಕೈ ಬರಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಒಂದೆರಡು ಕುಟುಂಬ ಬಂದವು, ನಿಂತ ನಿಲುವಿನಲ್ಲೇ ನೋಡಿ ಹೋದವು. ಕಾಶಿನಾಥ ಬೈಕಿನ ಮೇಲೆ ಕೂತೇ ಕೇಳಿದ, "ಏನ ಗುಡ್ಡವ್ವಾ, ಕೈ ಸೋತಾವೇನು?"

"ಹೂಂ ಯಪ್ಪಾ, ಸೋತಾವು" ಎಂದಳು. ಅದೂ ಸುಳ್ಳಾಗಿರಲಿಲ್ಲ.

ಹೋಳಿಹುಣ್ಣಿಮೆಯ ಹೊತ್ತಿಗೆ ಘೋಡಗೇರಿಯಲ್ಲಿ ಬಸುರಿಗೆ ಮಾಡುವ ಕುಬಸದ ಕಾರ್ಯ ಮುಗಿಸಿ ಮಗಳನ್ನು ಕರೆತಂದಳು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ. ಸೃಷ್ಟಿ ಆ ಬಳೆ ಎಣಿಸಲು ಹೋಗಿ ಮತ್ತೆ ಮತ್ತೆ ತಪ್ಪಿ ಮೊದಲಿಂದ ಶುರು ಮಾಡುತ್ತಿದ್ದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಮುನ್ಸೂಚನೆಯಿಲ್ಲದೆ ಒಂದು ಕಾರು ಬಂದು ನಿಂತಿತು. ಅಂಕಲಗಿಯ ಕಿರಾಣಿ ವ್ಯಾಪಾರಿ ಮಲ್ಲೇಶ, ಅವನ ಹೆಂಡತಿ, ತಾಯಿ ಬಾಳವ್ವ. ಹಿಂದೆ ಬೈಕಿನಲ್ಲಿ ಕಾಶಿನಾಥ. ಶೋಭಾ ಅಂಗಳದಲ್ಲಿ ಅರಿವೆ ಒಣಹಾಕುತ್ತಿದ್ದಳು. ಗುಡ್ಡವ್ವ ರೊಟ್ಟಿ ಕೆಲಸಕ್ಕೆ ಹೋಗಿದ್ದವಳು ಆಗಷ್ಟೇ ತಿರುವಿನಲ್ಲಿ ಬರುತ್ತಿದ್ದಳು, ಹಿಟ್ಟಿನ ಕೈಯಲ್ಲೇ. ಮನೆ ಎಷ್ಟು ಬಣಬಣ ಇರಬೇಕೋ ಅಷ್ಟು ಇತ್ತು.

ಒಳಗೆ ಚಾಪೆಯ ಮೇಲೆ ಮಲಗಿದ್ದ ಸುರೇಖಾಗೆ ಯಾರೋ ಬಂದ ಸಪ್ಪಳ ಕೇಳಿತು. ಮನೆಗೆ ಬಂದವರಿಗೆ ನೀರು ಕೊಡಬೇಕು ಎಂದು ಅವ್ವನಿಂದ ಕಲಿತವಳು. ಗೋಡೆ ಹಿಡಿದು ಎದ್ದಳು, ತಂಬಿಗೆ ತುಂಬಿಕೊಂಡಳು, ಬಾಗಿಲಿಗೆ ಬಂದಳು.

ಬಾಳವ್ವ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಹಸಿರು ಬಳೆಯ ತುಂಬು ಬಸುರಿ, ಕೈಯಲ್ಲಿ ತುಂಬಿದ ತಂಬಿಗೆ. ಮಲ್ಲೇಶನ ಮದುವೆಯಾಗಿ ಏಳೆಂಟು ವರ್ಷ ಕಳೆದಿದ್ದವು, ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಸೊಸೆಯ ಕಡೆ ಒಮ್ಮೆ ನೋಡಿದಳು. ಆ ಹುಡುಗಿ ತಲೆ ತಗ್ಗಿಸಿತು.

"ಇನ್ನ ಒಳಗ ಏನ ನೋಡೂದೈತಿ" ಎಂದಳು ಬಾಳವ್ವ. "ಮಲ್ಲೇಶಾ, ಸಂಚಕಾರದ ರೊಕ್ಕ ಕೊಟ್ಟಬಿಡು."

"ಅವ್ವಾ, ನಳಕ್ಕ ನೀರು ಬರತಾವ ಇಲ್ಲ ಅಂತರೆ ಕೇಳೂಣು" ಎಂದ ಮಗ.

"ನೀರು ಆಕೀನ ತಂದಾಳಲ್ಲ, ಕುಡಿ."

ಕಾಶಿನಾಥನಿಗೆ ಆಕಾಶ ಕೈಗೆ ಸಿಕ್ಕಂತಾಯಿತು. ಗುಡ್ಡವ್ವ ಗೇಟಿನಲ್ಲಿ ನಿಂತವಳು ನಿಂತೇ ಇದ್ದಳು. ಬಾಳವ್ವ ಬಸುರಿಗೆ ಉಡಿ ತುಂಬದೆ ಹೋಗಲಾರೆ ಎಂದಾಗ, ಗುಡ್ಡವ್ವನ ಮನೆಯಲ್ಲಿ ಅದಕ್ಕೆ ಬೇಕಾದದ್ದು ಏನೂ ಇರಲಿಲ್ಲ. ಗೋಡೆಯ ಮೇಲಿಂದ ಶೋಭಾಳೇ ಅಕ್ಕಿ, ಕೊಬ್ಬರಿ ಬಟ್ಟಲು, ಪೆಟ್ಟಿಗೆಯ ತಳದ ಒಂದು ಕುಬಸದ ಖಣ ಕೊಟ್ಟಳು. ಕೊಡುವಾಗ ಗುಡ್ಡವ್ವನ ಮುಖ ನೋಡಲು ಅವಳಿಗೆ ಆಗಲಿಲ್ಲ.

ಆಮೇಲೆ ಗುಡ್ಡವ್ವ ಎಂದೂ ಕೇಳದ್ದನ್ನು ಕೇಳಿದಳು. "ಅವ್ವಾರ, ಮಗಳ ಹೆರಿಗಿ ಆಗೂಮಟಾ ಇರಾಕ ಬಿಡ್ರಿ. ಕೂಸಿನ್ನ ತೊಟ್ಟಿಲಕ್ಕ ಹಾಕಿದ ಮರುದಿನಾನ ಹೋಗತೇವಿ."

ಬಾಳವ್ವ ಅವಳ ಕೈ ಹಿಡಿದುಕೊಂಡಳು. "ಬಸವ ಜಯಂತಿಗೆ ಹಾಲ ಉಕ್ಕಸಬೇಕಂತ ಮಾಡೇವಿ ತಂಗೀ. ಹೆರಿಗಿ ಮೈಲಿಗಿ ಅಂತ ನಾವು ಅನ್ನೂ ಮಂದಿ ಅಲ್ಲ, ತಪ್ಪ ತಿಳೀಬ್ಯಾಡ. ಆದರ ಈ ಮನಿಯಾಗ ಮೊದಲ ಅಳೂ ಕೂಸು ನಮ್ಮದ ಆಗಲಿ ಅಂತ ನನಗೊಂದ ಆಸೆ. ನೀನೂ ತಾಯಿ, ನಿನಗ ತಿಳೀತೈತಿ."

ಗುಡ್ಡವ್ವನಿಗೆ ತಿಳಿಯಿತು.

ಕಾಶಿನಾಥ ಹೋಗುವಾಗ ಮೂಡಲಗಿಯಲ್ಲಿ ಇನ್ನೊಂದು ಮನೆ ಇದೆ ಎಂದ. ಕಿಟಕಿಗೆ ಇನ್ನೂ ಗಾಜು ಬಂದಿಲ್ಲ, ನೀರಿಗೆ ಬಾಜೂದವರನ್ನು ಕೇಳಬೇಕು, ಆದರೆ ಜಾಗ ದೊಡ್ಡದು. "ಬಾಗಲಾರೆ ಐತೇನಪ್ಪಾ?" ಎಂದು ಗುಡ್ಡವ್ವ ಕೇಳಿದಳು. ಐತಿ ಎಂದ. "ಹಂಗಾರ ನನ್ನ ಹೆರಿಗಿಗಿಂತ ಒಂದ ಕೈ ಮ್ಯಾಲನ" ಎಂದಳು.

ಮುಂದಿನ ದಿನಗಳಲ್ಲಿ ಶೋಭಾ ಅವಳ ಜೊತೆ ಸಾಮಾನು ಕಟ್ಟಿದಳು. ಕಟ್ಟುವುದಕ್ಕೆ ಹೆಚ್ಚೇನೂ ಇರಲಿಲ್ಲ. ಎಲ್ಲವೂ ಮೊದಲೇ ಅರ್ಧ ಚೀಲದಲ್ಲೇ ಇತ್ತು. ಕೆಲಸ ಮಾಡುತ್ತಲೇ ಶೋಭಾ ತನ್ನ ಮನೆಯ ಮೇಲಿನ ಖೋಲಿಯ ಬಗ್ಗೆ ಯೋಚಿಸುತ್ತಿದ್ದಳು. ಅಲ್ಲಿ ಜೋಳದ ಚೀಲಗಳಿವೆ, ಅವನ್ನು ಮೆಟ್ಟಿಲ ಕೆಳಗೆ ಸರಿಸಬಹುದು. ಬಿಸಿನೀರು ಮೇಲೆ ಹೊರಬೇಕಾದೀತು. ಗಂಡ ಗುರುರಾಜ ಎರಡು ದಿನ ಗೊಣಗಿ ಸುಮ್ಮನಾಗುತ್ತಾನೆ. ನಾಗನೂರಿನಿಂದ ಅತ್ತೆ ಬಂದರೆ, ಯಾರು, ಎತ್ತ, ಎಷ್ಟು ದಿನ ಎಂದು ಕೇಳುತ್ತಾಳೆ, ಅದಕ್ಕೆ ಉತ್ತರ ಹುಡುಕಬೇಕು. ಇದೆಲ್ಲ ಮನಸ್ಸಿನಲ್ಲಿತ್ತು, ಬಾಯಿಗೆ ಬಂದಿರಲಿಲ್ಲ. ತಾನೂ ದಣಿದಿದ್ದಳು. ಇನ್ನೊಬ್ಬರ ಬಾಣಂತನ ಅಂದರೆ ಸಣ್ಣ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು.

ಗಾಡಿ ಬರುವ ಹಿಂದಿನ ಸಂಜೆ ಗುಡ್ಡವ್ವ ಗೋಡೆಯ ಹತ್ತಿರ ಬಂದಳು. ಉಡಿ ಅಕ್ಕಿ ಕೊಟ್ಟಿದ್ದ ಪಾತ್ರೆಯನ್ನು ತೊಳೆದು, ಒಳಗೆ ಒಂದು ಹಿಡಿ ಹುರಿದ ಶೇಂಗಾ ಹಾಕಿ ತಂದಿದ್ದಳು. ಅವು ಸೃಷ್ಟಿಗೆ. ಪಾತ್ರೆ ಕೊಟ್ಟರೂ ಕೈ ಗೋಡೆಯ ಮೇಲಿಂದ ತೆಗೆಯಲಿಲ್ಲ. ಹಿಂದೆ ಖಾಲಿ ಪಡಸಾಲೆಯಲ್ಲಿ ಅವಳು ಹಚ್ಚಿಟ್ಟ ದೀಪ ಕಾಣುತ್ತಿತ್ತು.

"ಶೋಭಕ್ಕಾ" ಎಂದಳು.

"ನಾ ಎಲ್ಲಿರೆ ಇರತೇನ್ರಿ, ನಂದೇನೂ ಇಲ್ಲ. ಈಕೀನ್ನ ಬಾಣಂತನ ಮುಗಿಯೂತನಕ ನಿಮ್ಮ ಮ್ಯಾಲಿನ ಖೋಲ್ಯಾಗ ಇಟಗೋತೀರೇನು? ರೊಟ್ಟಿ, ನೀರು, ಅರಿವಿ, ಎಲ್ಲಾ ನಾನ ದಿನಾ ಬಸ್ಸಿಗೆ ಬಂದು ಮಾಡತೇನಿ. ಮತ್ತ... ತೊಟ್ಟಿಲ ಕಟ್ಟಾಕ ನಿಮ್ಮ ಮಾಳಿಗ್ಯಾಗ ಒಂದ ಕೊಂಡಿ ಹೊಡೀಲೇನ್ರಿ?"